ಹಳೆಯ ಬೇಸ್‌ಗೆ ನಾನು ಬೆಲೆ ಕಟ್ಟಿದ್ದು

ಮೈಸೂರಿನ ಮಂಡಿ ಮೊಹಲ್ಲಾದಿಂದ ಫೋನ್ ಬರುವಷ್ಟರಲ್ಲಿ ಗುಜರಿಯವನು ಬಂದು ಹೋಗಿಯಾಗಿತ್ತು. "ತೂಕ ಹಾಕ್ದ ಅಣ್ಣ, ಒಂಬತ್ತು ಕೆಜಿ ಬಂತು. ನಾಲ್ಕು ಸಾವಿರ ಕೊಡ್ತೀನಿ ಅಂತಾನೆ. ಕೊಟ್‌ಬಿಡ್ಲಾ?" ಅಂದರು ಆಕೆ. ಅವರ ಯಜಮಾನರು ಮೂವತ್ತು ವರ್ಷ ಮದುವೆ ಬ್ಯಾಂಡಿನಲ್ಲಿ ಊದಿದ ಟ್ಯೂಬಾ ಅದು, ದಪ್ಪ ದನಿಯ ದೊಡ್ಡ ಹಿತ್ತಾಳೆ ವಾದ್ಯ. ಬ್ಯಾಂಡ್‌ನವರ ಬಾಯಲ್ಲಿ ಅದು ಬೇಸ್. "ಸಂಜೆವರೆಗೂ ಯಾರಿಗೂ ಕೊಡ್ಬೇಡಿ ಅಕ್ಕ, ಬರ್ತೀನಿ" ಅಂದೆ.

ನಾನು ಪೊಲೀಸ್ ಬ್ಯಾಂಡಿನಲ್ಲಿ ಇದೇ ವಾದ್ಯ ನುಡಿಸಿ ನಿವೃತ್ತನಾದವನು. ಹಳೆಯ ವಾದ್ಯ ಕೊಳ್ಳುವವರು, ಮಾರುವವರು ಒಂದು ಸಲ ನೋಡಿ ಅಂತ ಕರೆಯುತ್ತಾರೆ. ಹೋಗುವಾಗ ಚೀಲದಲ್ಲಿ ಒಂದು ಟಾರ್ಚ್, ಹಳೆ ಬನಿಯನ್ ಬಟ್ಟೆ, ಸಾಬೂನಿನ ಪುಡಿ ಇರುತ್ತದೆ. ಶ್ರುತಿ ತೋರಿಸುವ ಆ್ಯಪ್ ಮೊಬೈಲಿನಲ್ಲಿದೆ.

ವಾದ್ಯ ಮಂಚದ ಕೆಳಗಿತ್ತು. ಹೊರಗೆಳೆದಾಗ ನೋಡಲು ಸಂಕಟವಾಯಿತು. ಗಂಟೆಯ, ಅಂದರೆ ನಾದ ಹೊರಬರುವ ಅಗಲ ಬಾಯಿಯ, ಅಂಚು ಒಂದು ಕಡೆ ಮಡಿಸಿದ ರೊಟ್ಟಿಯ ಹಾಗೆ ಬಾಗಿತ್ತು, ತಳದ ಬಾಗಿನಲ್ಲಿ ಅಂಗೈಯಗಲದ ನೆಗ್ಗು, ಬೆಳ್ಳಿ ಲೇಪ ಅರ್ಧಕ್ಕರ್ಧ ಹೋಗಿ ಹಿತ್ತಾಳೆ ಕಾಣುತ್ತಿತ್ತು. ಸಾಮಾನ್ಯವಾಗಿ ಜನ ಇಷ್ಟನ್ನೇ ನೋಡಿ ಬೆಲೆ ಹೇಳುತ್ತಾರೆ. ಅಗಲವಾದ ಕೊಳವೆಯ ನೆಗ್ಗು ನಾದವನ್ನು ಅಷ್ಟಾಗಿ ಕೆಡಿಸುವುದಿಲ್ಲ, ತಟ್ಟಿ ತೆಗೆಯುವುದೂ ಸುಲಭ. ಬಾಯಿಯಿಟ್ಟು ಊದುವ ಕಡೆಯ ಸಣ್ಣ ಕೊಳವೆ ನೆಗ್ಗಿದ್ದರೆ ಮಾತು ಬೇರೆ.

ಗಂಟೆಯ ಮೇಲೆ ಲಂಡನ್ನಿನ ಬೂಸಿ ಅಂಡ್ ಹಾಕ್ಸ್ ಹೆಸರು ಸವೆದು ಉಳಿದಿತ್ತು. ಬೂಸಿ, ಹಾಕ್ಸ್ ಎಂಬ ಎರಡು ಕಂಪನಿಗಳು ಒಂದಾದದ್ದು 1930ರಲ್ಲಿ. ಎರಡೂ ಹೆಸರು ಒಟ್ಟಿಗಿದ್ದರೆ ವಾದ್ಯ ಅದಕ್ಕಿಂತ ಹಳೆಯದಲ್ಲ. ವಾಲ್ವ್‌ಗಳ ಹಿಂಭಾಗ ತಡವಿದೆ. ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ಗುಂಡಿಗಳೇ ವಾಲ್ವ್. ಮೊದಲ ಎರಡು ವಾಲ್ವ್‌ಗಳ ಬೆನ್ನಿಗೆ ಬೆರಳುದ್ದದ ಪುಟ್ಟ ಸ್ಲೈಡುಗಳು, ಅಂದರೆ ಹೊರಗೆಳೆದು ಉದ್ದ ಹೊಂದಿಸುವ ಕೊಳವೆಗಳು, ಸಿಕ್ಕವು. ಸಮಾಧಾನವಾಯಿತು. ಮೂರನೆಯ ವಾಲ್ವನ್ನು ಬೇರೆಯದರ ಜೊತೆ ಒತ್ತಿದಾಗ ಸ್ವರ ಏರಿಹೋಗದ ಹಾಗೆ, ಗಾಳಿಯನ್ನು ಇನ್ನೊಂದು ಸುತ್ತು ಕಳಿಸುವ ವ್ಯವಸ್ಥೆ ಇದು. ಬೂಸಿ ಕಂಪನಿಯ ಡೇವಿಡ್ ಬ್ಲೇಕ್ಲಿ 1874ರಲ್ಲಿ ಪೇಟೆಂಟ್ ಪಡೆದದ್ದು. ಈ ಪುಟ್ಟ ಸ್ಲೈಡುಗಳಿರುವ ವಾದ್ಯಕ್ಕೂ ಇಲ್ಲದ್ದಕ್ಕೂ ಬೆಲೆಯಲ್ಲಿ ಬಹಳ ಅಂತರ.

ಆಮೇಲೆ ವಾಲ್ವ್. ನನ್ನ ಲೆಕ್ಕದಲ್ಲಿ ಬೇಸಿನ ಜೀವ ಇರುವುದು ಅಲ್ಲೇ. ಮೂರಕ್ಕೂ ದಪ್ಪ ಎಣ್ಣೆ ಮೆತ್ತಿತ್ತು. ದಪ್ಪ ಎಣ್ಣೆ ಸವೆತವನ್ನು ಮುಚ್ಚಿಡುತ್ತದೆ, ಹಾಗಾಗಿ ಮೊದಲು ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ತೊಳೆದು, ಒರೆಸಿ, ತೆಳು ಎಣ್ಣೆ ಹಾಕಿ ಕೂರಿಸಿದೆ. ಈಗ ಪರೀಕ್ಷೆ. ವಾಲ್ವ್ ಒತ್ತದೆ ಅದರ ಸ್ಲೈಡನ್ನು ಒಂದಿಂಚು ಮೆಲ್ಲಗೆ ಹೊರಗೆಳೆದು ಹಿಡಿಯಬೇಕು, ಒಂದೆರಡು ಗಳಿಗೆ ಬಿಟ್ಟು ವಾಲ್ವ್ ಒತ್ತಬೇಕು. ವಾಲ್ವ್ ಗಟ್ಟಿಯಾಗಿದ್ದರೆ ಒಳಗೆ ಹಿಡಿದಿದ್ದ ನಿರ್ವಾತ ಒಡೆದು 'ಟಪ್' ಅನ್ನುತ್ತದೆ. ಮೂರನೆಯದು ಚೆನ್ನಾಗಿ ಟಪ್ ಅಂದಿತು. ಎರಡನೆಯದು ಅಂದೂ ಅನ್ನದ ಹಾಗೆ. ಮೊದಲನೆಯದರಲ್ಲಿ ಸದ್ದೇ ಇಲ್ಲ. ಅದರೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಮಗ್ಗುಲಲ್ಲಿ ಬಿಳಿ ಲೇಪ ಸವೆದು ಹುಣಸೆಬೀಜದಷ್ಟು ಹಳದಿ ಕಾಣುತ್ತಿತ್ತು. ಮೂವತ್ತು ವರ್ಷ ಆ ಮನುಷ್ಯ ಬೆರಳನ್ನು ಓರೆಯಾಗಿಟ್ಟು ಒತ್ತಿದ ಗುರುತು. ಅದನ್ನು ನೋಡುತ್ತ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಊದುವ ಕೊಳವೆಯೊಳಕ್ಕೆ ಟಾರ್ಚ್ ಬಿಟ್ಟು ನೋಡಿದೆ, ಹೊರಗೂ ಹುಡುಕಿದೆ. ಎಂಜಲಿನಿಂದ ಹಿತ್ತಾಳೆಯೊಳಗಿನ ಸತು ತಿಂದುಹೋದರೆ ಅಲ್ಲಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳು ಏಳುತ್ತವೆ, ಅದು ಲೋಹದ ಕೊಳೆತ. ಒಂದೂ ಇರಲಿಲ್ಲ.

ಉಳಿದದ್ದು ಶ್ರುತಿ. ಇದರಲ್ಲಿ ನಾನು ಒಮ್ಮೆ ಏಟು ತಿಂದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಕಂಪನಿಯ ಬೇಸ್ ಒಂದನ್ನು ಬೆಳ್ಳಿಯ ಹೊಳಪು ನೋಡಿ ಸಾಲ ಮಾಡಿ ಕೊಂಡೆ. ಕ್ಲಾರಿನೆಟ್‌ಗಳ ಪಕ್ಕ ಕೂತು ಊದಿದರೆ ಒಂದು ಸ್ವರವೂ ಸೇರುವುದಿಲ್ಲ. ಇಂಗ್ಲೆಂಡಿನ ಬ್ರಾಸ್ ಬ್ಯಾಂಡುಗಳು 1960ರ ದಶಕದ ನಡುವಿನವರೆಗೂ ಹೈ ಪಿಚ್‌ನಲ್ಲಿ, ಅಂದರೆ 'ಎ' ಸ್ವರವನ್ನು ಸೆಕೆಂಡಿಗೆ 440 ಕಂಪನದ ಬದಲು ಸುಮಾರು 452ಕ್ಕೆ ಇಟ್ಟು ನುಡಿಸುತ್ತಿದ್ದವು. ಅರ್ಧ ಸ್ವರದಲ್ಲಿ ಅರ್ಧದಷ್ಟು ಏರು. ನಾನು ಕೊಂಡದ್ದು ಅಂಥದ್ದು. ಆ ವಾದ್ಯವನ್ನು ಕೊನೆಗೆ ಸಿಕ್ಕಷ್ಟಕ್ಕೆ ಕೊಟ್ಟೆ, ತುಟಿಯಿಟ್ಟು ಊದುವ ಮೌತ್‌ಪೀಸ್ ಮಾತ್ರ ನನ್ನಲ್ಲೇ ಉಳಿಯಿತು.

ಹಾಗಾಗಿ ಇಲ್ಲಿ ಇಡೀ ವಾದ್ಯದ ಶ್ರುತಿ ಹೊಂದಿಸುವ ಟ್ಯೂನಿಂಗ್ ಸ್ಲೈಡನ್ನು ಪೂರ್ತಿ ಒಳಗೆ ತಳ್ಳಿ ಊದಿದೆ. ಆ್ಯಪ್‌ನ ಮುಳ್ಳು ಸುಮಾರಾಗಿ ನಡುವಿಗೇ ನಿಂತಿತು. ಆದರೆ ವಾಲ್ವ್ ಒತ್ತಿದಾಗ ಸ್ವಲ್ಪ ಏರು. ಯಾಕೆ ಅಂತ ಸ್ಲೈಡ್ ತಿರುಗಿಸಿ ನೋಡಿದರೆ ಎರಡೂ ಕಾಲಿಗೆ ಎರಡೆರಡು ಇಂಚು ಬೇರೆ ಹಿತ್ತಾಳೆ ಜೋಡಿಸಿ ಬೆಸುಗೆ ಹಾಕಿತ್ತು, ಬಣ್ಣ ಒಂದು ಛಾಯೆ ಬೇರೆ. ಹಿಂದೆ ಯಾರೋ ತಿಳಿದವರು ಹೈ ಪಿಚ್ ಇಳಿಸಿದ್ದಾರೆ, ವಾಲ್ವ್ ಸ್ಲೈಡುಗಳನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಅವನ್ನು ಒಂಚೂರು ಎಳೆದಿಟ್ಟುಕೊಂಡರೆ ಸರಿಹೋಗುತ್ತದೆ.

ಲೆಕ್ಕವನ್ನು ಅಕ್ಕನ ಎದುರಿಗೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆ. ಎಲ್ಲ ಸರಿಯಿದ್ದು ಇವತ್ತೇ ಮೆರವಣಿಗೆಗೆ ಹೋಗುವಂತಿದ್ದರೆ ನಾನೇ 70,000 ಕೊಡುತ್ತಿದ್ದೆ. ಎರಡು ಪಿಸ್ಟನ್‌ಗೆ ಮರುಲೇಪ ಹಾಕಿ ಅರೆದು ಕೂರಿಸಲು 18,000. ಗಂಟೆ, ತಳ, ಸಡಿಲಗೊಂಡ ಬೆಸುಗೆಗಳಿಗೆ 6,000. ದೂರದ ಊರಿಗೆ ಕಳಿಸಿ ತರಿಸಲು 3,000. ಬಿಚ್ಚಿದ ಮೇಲೆ ಇನ್ನೇನು ಕಾಣುತ್ತದೋ ಎಂಬ ಭಯಕ್ಕೆ 8,000. ಉಳಿದದ್ದು 35,000. "ಮೂವತ್ತೈದು ಹೇಳಿ ಅಕ್ಕ, ಮೂವತ್ತಕ್ಕಿಂತ ಕೆಳಗೆ ಇಳೀಬೇಡಿ. ಬ್ರಾಸೋ ಹಾಕಿ ಉಜ್ಜಲೂ ಬೇಡಿ, ಇರೋ ಲೇಪಾನೂ ಹೋಗ್ತದೆ" ಅಂದೆ.

ಹದಿನೈದು ದಿನದಲ್ಲಿ ಕೊಳ್ಳೇಗಾಲದ ಕಡೆಯ ಒಂದು ಚರ್ಚ್ ಬ್ಯಾಂಡಿನ ಇಬ್ಬರು ಹುಡುಗರು ಬಂದರು. ಕುಂದುಗಳನ್ನೆಲ್ಲ ನಾನೇ ತೋರಿಸಿದೆ. ಮೊದಲ ವಾಲ್ವ್ ಅವರ ಕೈಯಲ್ಲೇ ಎಳೆಸಿ, ಸದ್ದು ಬರುವುದಿಲ್ಲ ನೋಡಿ ಅಂದೆ. 32,000ಕ್ಕೆ ಮಾತಾಯಿತು.

ಆಗ ಮೌತ್‌ಪೀಸ್ ಎಲ್ಲಿ ಅಂತ ಕೇಳಿದರು. ಈ ಹಳೆಯ ವಾದ್ಯಗಳ ಕೊಳವೆಯ ಬಾಯಿ ಕಿರಿದು, ಈಗಿನ ಟ್ಯೂಬಾ ಮೌತ್‌ಪೀಸ್ ಪೂರ್ತಿ ಒಳಗೆ ಕೂರುವುದಿಲ್ಲ. ಅದಿಲ್ಲದೆ ಅವರು ಕೊಂಡು ಪ್ರಯೋಜನವಿಲ್ಲ. ಅಕ್ಕ ಬೀರು ತೆಗೆದು, ಕರ್ಚೀಫಿನಲ್ಲಿ ಸುತ್ತಿಟ್ಟಿದ್ದನ್ನು ತಂದು ಕೈಯಲ್ಲೇ ಹಿಡಿದುಕೊಂಡು ನಿಂತರು. "ಇದೊಂದು ನನಗಿರಲಿ ಅಂತಿದ್ದೆ ಅಣ್ಣ."

ಹುಡುಗರಿಗೆ ಅರ್ಧ ಗಂಟೆ ಕೂತಿರಿ ಅಂದು ಸ್ಕೂಟರಿನಲ್ಲಿ ಮನೆಗೆ ಹೋಗಿ, ನನ್ನ ಪೆಟ್ಟಿಗೆಯಲ್ಲಿ ಇಷ್ಟು ವರ್ಷ ಸುಮ್ಮನೆ ಬಿದ್ದಿದ್ದ ಮೌತ್‌ಪೀಸ್ ತಂದುಕೊಟ್ಟೆ. ಸರಿಯಾಗಿ ಕೂತಿತು.