ಆಸ್ಟ್ರೇಲಿಯಾ ಪೌರತ್ವ ಪರೀಕ್ಷೆಗೆ ಓದುತ್ತಿರುವವರಿಗೆ

ಕಲಬುರಗಿಯಿಂದ ಹೋಗಿ ಆಸ್ಟ್ರೇಲಿಯಾದಲ್ಲಿ ನೆಲೆಸಿದವರು ಈ ಗುಂಪಿನಲ್ಲಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಕ್ಕ ರಜೆಗೆ ಊರಿಗೆ ಬಂದಾಗ ಇಲ್ಲೇ ಕೂತು ಓದಿದಳು.

ಒಟ್ಟು 20 ಪ್ರಶ್ನೆ, 15 ಸರಿ ಇರಬೇಕು. ಅದರಲ್ಲಿ 5 ಪ್ರಶ್ನೆ ಆಸ್ಟ್ರೇಲಿಯಾದ ಮೌಲ್ಯಗಳ ಮೇಲೆ ಬರುತ್ತವೆ. ಆ ಐದೂ ಸರಿ ಇರಲೇಬೇಕು. ಒಂದು ತಪ್ಪಿದರೂ ಫೇಲ್, ಉಳಿದ ಹದಿನೈದೂ ಸರಿ ಇದ್ದರೂ ಅಷ್ಟೇ. ಹಾಗಾಗಿ ಮೊದಲು ಆ ಭಾಗ ಓದಿ. ಸರ್ಕಾರದ ಪುಸ್ತಕ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಸುಮ್ನೆ ಗೈಡಿಗೆ ದುಡ್ಡು ಹಾಕಬೇಡಿ.

ಭೂಗೋಳಕ್ಕೆ ಅಕ್ಕ ಮಾಡಿದ್ದು ನನಗೆ ತುಂಬಾ ಹಿಡಿಸಿತು. ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ಚಾಕ್‌ಪೀಸಿನಿಂದ ನಕ್ಷೆ ಬರೆದಳು. ಆರು ರಾಜ್ಯ, ಒಂದೊಂದು ರಾಜಧಾನಿಗೆ ಒಂದೊಂದು ತೊಗರಿ ಕಾಳು. ಅವ್ವ ರೊಟ್ಟಿ ಬಡಿದು ಬಂದು ಒಂದು ಕಾಳು ಎತ್ತಿ, "ಇದು ಯಾವೂರು?" ಅಂತ ಕೇಳುವಳು. ಮೂರೇ ದಿನಕ್ಕೆ ಪರ್ತ್, ಅಡಿಲೇಡ್, ಹೋಬಾರ್ಟ್ ಬಾಯಿಗೆ ಬಂದವು. ದೇಶದ ರಾಜಧಾನಿ ಮಾತ್ರ ಸಿಡ್ನಿ ಅಲ್ಲ, ಕ್ಯಾನ್‌ಬೆರಾ.

ಸರ್ಕಾರದ ಭಾಗವನ್ನು ನಮ್ಮದರ ಜೊತೆ ಹೋಲಿಸಿ ಓದಿ, ಬೇಗ ತಲೆಗೆ ಹೋಗುತ್ತದೆ. ಆದರೆ ಎರಡು ಕಡೆ ಎಚ್ಚರ. ನಮ್ಮ ರಾಜ್ಯಸಭೆಯಲ್ಲಿ ದೊಡ್ಡ ರಾಜ್ಯಕ್ಕೆ ಸೀಟು ಜಾಸ್ತಿ. ಅಲ್ಲಿನ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ 12. ಇನ್ನೊಂದು, ನಮ್ಮಲ್ಲಿ ಸಂವಿಧಾನ ತಿದ್ದುಪಡಿಗೆ ಜನರ ಮತ ಕೇಳುವುದಿಲ್ಲ, ಅಲ್ವಾ? ಅಲ್ಲಿ ಜನಮತಗಣನೆ ಆಗಲೇಬೇಕು. ಅಕ್ಕ ಇಲ್ಲೇ ಪದೇ ಪದೇ ಎಡವುತ್ತಿದ್ದಳು.

ಅಪ್ಪ ಅವ್ವನಿಗೆ ಅರ್ಜಿ ಹಾಕುವವರು ಗಾಬರಿಯಾಗಬೇಡಿ. 60 ತುಂಬಿದವರಿಗೆ ಈ ಪರೀಕ್ಷೆ ಇಲ್ಲ.