ಕಾಫಿ ಲೆಕ್ಕಕ್ಕೆ ನಿಮ್ಮದೇ ಸೂತ್ರ: ಫೋನಿನಲ್ಲೇ ಬರೆಯಿರಿ, ಎಲ್ಲರಿಗೂ ಕಳಿಸಿ

ಫೆಬ್ರವರಿಯಲ್ಲಿ ಮೂಡಿಗೆರೆ, ಆಲ್ದೂರು ಕಡೆ ಬಂದರೆ ಕಣದ ತುಂಬ ರೋಬಸ್ಟಾ ಕಾಫಿ ಒಣಗುತ್ತಿರುತ್ತದೆ. ಮನೆಮನೆಯಲ್ಲೂ ಒಂದೇ ಮಾತು, ಈ ಸಲ ಯಾರಿಗೆ ಕೊಡೋದು? ಹೋದ ವರ್ಷ ಪಕ್ಕದ ತೋಟದ ಹುಡುಗ ಬಂದು ಕೇಳಿದ. "ಅಣ್ಣಾ, ಒಬ್ರು ಪಾಯಿಂಟಿಗೆ 410 ಅಂತಾರೆ, ಇನ್ನೊಬ್ರು 400 ಅಂತಾರೆ. 410ಕ್ಕೇ ಕೊಡೋದಲ್ವಾ?"

ಔಟ್‌ಟರ್ನ್ ಎಷ್ಟು ಹಾಕಿದ್ದಾರೆ ಅಂತ ಕೇಳಿದೆಯಾ ಎಂದೆ. ಕೇಳಿರಲಿಲ್ಲ. 50 ಕೆಜಿ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಚೀಲದಿಂದ ಎಷ್ಟು ಕೆಜಿ ಕ್ಲೀನ್ ಕಾಫಿ, ಅಂದರೆ ಸಿಪ್ಪೆ ಬಿಡಿಸಿದ ಬೀಜ, ಬರುತ್ತದೋ ಅದೇ ಔಟ್‌ಟರ್ನ್. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ಅದನ್ನು ಹೇಳುತ್ತಾರೆ. ಅದರ ಒಂದೊಂದು ಕೆಜಿಯೇ ಒಂದು ಪಾಯಿಂಟ್. ಚೀಲದ ಬೆಲೆ ಅಂದರೆ ಔಟ್‌ಟರ್ನ್ ಗುಣಿಸು ಪಾಯಿಂಟ್ ದರ. ಹಾಗಾಗಿ ದರ ಒಂದನ್ನೇ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಈ ಲೆಕ್ಕವನ್ನು ಪ್ರತಿ ಸಲ ಚೀಟಿಯ ಹಿಂದೆ ಮಾಡುವ ಬದಲು ಒಮ್ಮೆ ಸೂತ್ರ ಬರೆದಿಟ್ಟರೆ ಸಾಕು. ಅದಕ್ಕೆ ನಾನು ಬಳಸುವುದು ಡೆಸ್ಮಾಸ್ ಎಂಬ ಆನ್‌ಲೈನ್ ಕ್ಯಾಲ್ಕ್ಯುಲೇಟರ್. 2011ರಲ್ಲಿ ಶುರುವಾದದ್ದು, ದುಡ್ಡು ಕೊಡಬೇಕಾಗಿಲ್ಲ. ಬ್ರೌಸರ್‌ನಲ್ಲೇ ತೆರೆಯಬಹುದು. ಆ್ಯಪ್ ಹಾಕಿಕೊಂಡರೆ ಇನ್ನೂ ಒಳ್ಳೆಯದು. ಸಿಗ್ನಲ್ ಸಿಗದ ತೋಟದೊಳಗೂ ಲೆಕ್ಕ ಮಾಡುತ್ತದೆ, ನಮ್ಮ ಮಲೆನಾಡಿಗೆ ಇದು ಸಣ್ಣ ಮಾತಲ್ಲ.

ತೆರೆದ ಕೂಡಲೇ ಎಡಗಡೆಯೋ ಕೆಳಗಡೆಯೋ ಖಾಲಿ ಸಾಲುಗಳು ಕಾಣುತ್ತವೆ. ಮೊದಲ ಸಾಲಿನಲ್ಲಿ ಒಟ್ಟು ತೂಕ ಬರೆಯಿರಿ: ಕೆ = 1240. ಅಕ್ಷರ ಇಂಗ್ಲಿಷಿನದೇ ಆಗಬೇಕು, ಒಂದೇ ಅಕ್ಷರ ಇರಬೇಕು. ಎಕ್ಸ್, ವೈ ಮುಟ್ಟಬೇಡಿ, ಅವನ್ನು ಹಾಕಿದರೆ ಗೆರೆ ಎಳೆಯಲು ಹೊರಡುತ್ತದೆ. ಇ ಅಕ್ಷರಕ್ಕೂ ಅದರೊಳಗೆ ಬೇರೆ ಬೆಲೆ ಇದೆ. ಅಂಕಿಗಳ ನಡುವೆ ಅಲ್ಪವಿರಾಮವೂ ಬೇಡ.

ಎರಡನೇ ಸಾಲು ಸೂತ್ರದ್ದು. ಎನ್ ಅಂದರೆ ಔಟ್‌ಟರ್ನ್, ಪಿ ಅಂದರೆ ಪಾಯಿಂಟ್ ದರ ಎಂದಿಟ್ಟುಕೊಳ್ಳಿ:

ಎಫ್(ಎನ್, ಪಿ) = (ಕೆ ÷ 50) × ಎನ್ × ಪಿ

ಇಲ್ಲಿ ಸ್ವಲ್ಪ ನಿಧಾನ ಮಾಡಿ. ಭಾಗಾಕಾರದ ಗುರುತು ಒತ್ತಿದ ತಕ್ಷಣ ಅದು ಗೆರೆ ಎಳೆದು, ಕರ್ಸರನ್ನು ಗೆರೆಯ ಕೆಳಗೆ ನಿಲ್ಲಿಸುತ್ತದೆ. 50 ಬರೆದ ಮೇಲೆ ಬಲಗಡೆಯ ಬಾಣ ಒಮ್ಮೆ ಒತ್ತಿ ಹೊರಗೆ ಬರಬೇಕು. ನಾನು ಮೊದಲ ಸಲ ಅದನ್ನು ಮರೆತೆ. ಎನ್, ಪಿ ಎರಡೂ ಗೆರೆಯ ಕೆಳಗೇ ಸೇರಿಕೊಂಡು, 24 ಚೀಲಕ್ಕೂ ಜಾಸ್ತಿ ಇದ್ದ ಕಾಫಿಯ ಬೆಲೆ 0.0023 ಅಂತ ಬಂತು! ನಿಮಗೂ ಅಂಥ ಉತ್ತರ ಬಂದರೆ ಮೊದಲು ಆ ಗೆರೆಯ ಕೆಳಗೆ ನೋಡಿ.

ಈಗ ಇಬ್ಬರ ದರ ಹಾಕೋಣ. 410 ಅಂದವರು ಔಟ್‌ಟರ್ನ್ 26 ಹಾಕಿದ್ದರು, 400 ಅಂದವರು 27. ಮೂರನೇ ಸಾಲಿನಲ್ಲಿ ಎಫ್(26, 410) ಬರೆದರೆ 264368. ನಾಲ್ಕನೇ ಸಾಲಿನಲ್ಲಿ ಎಫ್(27, 400) ಬರೆದರೆ 267840. ಕಡಿಮೆ ದರ ಹೇಳಿದವರ ಹತ್ತಿರವೇ 3,472 ರೂಪಾಯಿ ಜಾಸ್ತಿ. ಹುಡುಗ ಫೋನನ್ನೇ ಎರಡು ಸಲ ನೋಡಿದ. ಒಂದೇ ಕಣದ ಕಾಫಿಗೆ ಔಟ್‌ಟರ್ನ್ ಬೇರೆ ಬೇರೆ ಯಾಕೆ ಬಂತು ಅಂತ ಧೈರ್ಯವಾಗಿ ಕೇಳುವುದಕ್ಕೂ ಈ ಅಂಕಿ ಕೈಯಲ್ಲಿರಬೇಕು. ತೂಕ ಬದಲಾದರೆ ಕೆ ಸಾಲು ಒಂದನ್ನು ತಿದ್ದಿ, ಉಳಿದದ್ದೆಲ್ಲ ತಾನೇ ಬದಲಾಗುತ್ತದೆ.

ಯಾವ ಅಕ್ಷರ ಯಾವುದಕ್ಕೆ ಅಂತ ನಾಳೆ ನಿಮಗೇ ಮರೆತುಹೋಗಬಹುದು. ಖಾಲಿ ಸಾಲಿನ ಶುರುವಿನಲ್ಲಿ ಎರಡು ಗೆರೆಯ ಉದ್ಧರಣ ಚಿಹ್ನೆ ಹಾಕಿದರೆ ಅದು ಟಿಪ್ಪಣಿ ಸಾಲಾಗುತ್ತದೆ. ಅಲ್ಲಿ ಕನ್ನಡದಲ್ಲೇ ಬರೆಯಿರಿ: ಕೆ ಅಂದರೆ ಒಟ್ಟು ಕೆಜಿ, ಎನ್ ಅಂದರೆ ಔಟ್‌ಟರ್ನ್. ಮನೆಯ ಹಿರಿಯರು ಓದಿಕೊಳ್ಳುವಂತಿರಲಿ.

ಹಂಚುವುದು ಸುಲಭ. ಗೂಗಲ್ ಖಾತೆಯಿಂದ ಒಳಗೆ ಹೋಗಿ, ಹೆಸರು ಕೊಟ್ಟು ಸೇವ್ ಮಾಡಿ. ಮೇಲಿರುವ ಶೇರ್ ಗುರುತು ಒತ್ತಿದರೆ ಲಿಂಕ್ ಸಿಗುತ್ತದೆ, ಅದನ್ನು ವಾಟ್ಸ್‌ಆ್ಯಪ್‌ಗೆ ಹಾಕಿ. ತೆರೆದವರು ತಮ್ಮ ತೂಕ, ತಮ್ಮ ದರ ಹಾಕಿಕೊಳ್ಳಬಹುದು, ನಿಮ್ಮದು ಕೆಡುವುದಿಲ್ಲ. ಆದರೆ ಲಿಂಕ್ ಸಿಕ್ಕವರೆಲ್ಲ ನೋಡಬಹುದು. ಹಾಗಾಗಿ ನಿಮ್ಮ ನಿಜವಾದ ತೂಕ, ವ್ಯಾಪಾರಿಯ ಹೆಸರು ಹಾಕಬೇಡಿ. ಕೆ = 50 ಇಟ್ಟು ಕಳಿಸಿ, ಒಂದು ಚೀಲದ ಲೆಕ್ಕ ಎಲ್ಲರಿಗೂ ಬಾಯಲ್ಲೇ ತಾಳೆ ನೋಡಲು ಬರುತ್ತದೆ.

ಕಳಿಸಿದ ಮೇಲೆ ಸೂತ್ರದಲ್ಲಿ ತಪ್ಪು ಕಂಡರೆ ನಿಮ್ಮಲ್ಲಿ ತಿದ್ದಿದರೆ ಸಾಲದು. ಹಳೇ ಲಿಂಕಿನಲ್ಲಿ ಹಳೇ ಸೂತ್ರವೇ ಇರುತ್ತದೆ. ತಿದ್ದಿ, ಸೇವ್ ಮಾಡಿ, ಮತ್ತೆ ಶೇರ್ ಒತ್ತಿ ಹೊಸ ಲಿಂಕ್ ಕಳಿಸಿ, ಗ್ರೂಪಿನಲ್ಲಿರುವ ಹಳೇದನ್ನು ಅಳಿಸಿಬಿಡಿ. ಹೆಸರಿನಲ್ಲೇ ತಾರೀಕು ಹಾಕಿಟ್ಟರೆ ಯಾವುದು ಹೊಸದು ಅಂತ ಯಾರೂ ಫೋನ್ ಮಾಡಿ ಕೇಳಬೇಕಾಗಿಲ್ಲ.