ಅಪ್ಪನ ಬಿಪಿ ಫೈಲಿನಲ್ಲಿದೆ, ನಿಮ್ಮ ನಿದ್ದೆಯ ಲೆಕ್ಕ ಎಲ್ಲಿದೆ?

ಮನೆಯಲ್ಲಿ ಲಕ್ವ ಹೊಡೆದವರೋ ಮರೆವಿನ ಕಾಯಿಲೆಯವರೋ ಇದ್ದರೆ ಅವರ ಶುಗರ್, ಬಿಪಿ, ಮಾತ್ರೆ ಚೀಟಿಯೆಲ್ಲ ಫೈಲಿನಲ್ಲಿ ಸರಿಯಾಗಿ ಜೋಡಿಸಿರುತ್ತದೆ. ನೋಡಿಕೊಳ್ಳುವ ಮಗಳದ್ದೋ ಸೊಸೆಯದ್ದೋ ಹೆಂಡತಿಯದ್ದೋ ಒಂದು ಸಾಲೂ ಅದರಲ್ಲಿರುವುದಿಲ್ಲ. ‘ನಂಗೇನಾಗಿದೆ, ಚೆನ್ನಾಗೇ ಇದೀನಲ್ಲ’ ಎನ್ನುವವರಿಗೇ ತಮ್ಮ ನಿದ್ದೆ, ಮನಸ್ಸಿನ ಲೆಕ್ಕವನ್ನು ದಿನವೂ ಬರೆದಿಡುವ ಈ ಕ್ರಮ ಹೆಚ್ಚು ಬೇಕು.

ಮೊದಲು ಸಾಧನ ಆರಿಸಿಕೊಳ್ಳಿ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನ ಚೌಕವೇ ಸಾಕು. ಬೇರೆಯವರ ಕಣ್ಣಿಗೆ ಬೀಳಬಾರದೆನಿಸಿದರೆ ಮೊಬೈಲಿನ ನೋಟ್ಸ್ ಇದೆ. ಸ್ಮಾರ್ಟ್ ವಾಚ್ ಇದ್ದರೆ ಇರಲಿ; ಆದರೆ ಮಂಚಕ್ಕೂ ಬಚ್ಚಲಿಗೂ ಓಡಾಡಿದ ಹೆಜ್ಜೆಗಳನ್ನೆಲ್ಲ ಅದು ವ್ಯಾಯಾಮವೆಂದು ಹೊಗಳುತ್ತದೆ, ನಂಬಬೇಡಿ.

ದಿನಕ್ಕೆ ಮೂರೇ ಸಂಗತಿ ಬರೆಯಿರಿ: ರಾತ್ರಿ ಎಷ್ಟು ಸಲ ಎದ್ದಿರಿ, ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ, ನಿಮಗೆಂದೇ ಎಷ್ಟು ನಿಮಿಷ ಸಿಕ್ಕಿತು. ಹೀಗೆ:

‘ಬುಧವಾರ. 4 ಸಲ ಎದ್ದೆ. ಮನಸ್ಸು 3. ನನಗೆ 10 ನಿಮಿಷ. ಡಯಾಪರ್ ಬದಲಿಸುವಾಗ ರೇಗಿದೆ.’

ರೇಗಿದ್ದನ್ನೂ ಬರೆಯಬೇಕು, ಅದು ಕೆಟ್ಟತನದ ಗುರುತಲ್ಲ, ನಿದ್ದೆಗೆಟ್ಟ ಗುರುತು ಇರಬಹುದು. ಬರೆಯದೆ ಹೋದ ದಿನ ಹೋಯಿತು, ನೆನಪು ಮಾಡಿಕೊಂಡು ತುಂಬಿಸಲು ಕೂರಬೇಡಿ.

ಎರಡು ವಾರಕ್ಕೊಮ್ಮೆ ವಿಶ್ವ ಆರೋಗ್ಯ ಸಂಸ್ಥೆಯ ‘ಡಬ್ಲ್ಯುಎಚ್‌ಒ-5’ ಪ್ರಶ್ನಾವಳಿಯನ್ನು ತುಂಬಿ. ಕಳೆದೆರಡು ವಾರದಲ್ಲಿ ಮನಸ್ಸು ಉಲ್ಲಾಸವಾಗಿತ್ತೇ, ನಿರಾಳವಾಗಿತ್ತೇ, ಮೈಯಲ್ಲಿ ಚೈತನ್ಯವಿತ್ತೇ, ಎದ್ದಾಗ ದಣಿವು ಆರಿತ್ತೇ, ದಿನದಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ ಎಂಬ ಐದು ವಿಷಯ. ‘ಯಾವತ್ತೂ ಇಲ್ಲ’ ಎಂದರೆ 0, ‘ಎಲ್ಲ ಹೊತ್ತೂ’ ಎಂದರೆ 5. ಕೂಡಿಸಿ 4ರಿಂದ ಗುಣಿಸಿ. ನೂರಕ್ಕೆ 50ಕ್ಕಿಂತ ಕಡಿಮೆ ಬಂದರೆ ಕಾಯಿಲೆ ಎಂದೇನಲ್ಲ, ವೈದ್ಯರ ಜೊತೆ ಒಮ್ಮೆ ಮಾತಾಡಬೇಕು ಎಂದರ್ಥ.

ಇನ್ನು ಮುಖ್ಯ ಕೆಲಸ. ಭಾನುವಾರ ವಾರದ ಚೌಕಗಳನ್ನು ಒಟ್ಟಿಗೆ ನೋಡಿ. ಮನಸ್ಸು ಕುಸಿದ ದಿನದ ಹಿಂದಿನ ರಾತ್ರಿ ಏನಾಗಿತ್ತು? ಫಿಸಿಯೋಥೆರಪಿ ದಿನವೋ, ಅಪ್ಪ ಮೂತ್ರಕ್ಕೆಂದು ಪದೇಪದೇ ಎಬ್ಬಿಸಿದ ರಾತ್ರಿಯೋ? ಅದು ಗೊತ್ತಾದ ಮೇಲೆ ಅಣ್ಣನಿಗೆ ‘ನನ್ನ ಕೈಲಾಗ್ತಿಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ‘ಮಂಗಳವಾರ, ಶುಕ್ರವಾರ ರಾತ್ರಿ ಅಪ್ಪನ ಕೋಣೇಲಿ ನೀನು ಮಲಗು’ ಎನ್ನಿ. ಅವರು ದೂರದೂರಿನಲ್ಲಿದ್ದರೆ ಆ ಎರಡು ರಾತ್ರಿಗೆ ಹೋಮ್ ನರ್ಸ್ ಖರ್ಚು ಕೇಳಿ. ಕೇಳಲು ಸಂಕೋಚವೇ? ಚೌಕಗಳ ಫೋಟೊ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿ. ಕೆಲಸ ಹಂಚಿಕೊಳ್ಳಲು ನೆರವಾಗದಿದ್ದರೆ ಈ ಬರವಣಿಗೆಯೂ ನಿಮ್ಮ ತಲೆಗೆ ಬಿದ್ದ ಇನ್ನೊಂದು ಚಾಕರಿ. ಒಂದೆರಡು ತಿಂಗಳು ನೋಡಿ ನಿಲ್ಲಿಸಿಬಿಡಿ.

ಬದುಕೇ ಬೇಡ ಎಂಬ ಯೋಚನೆಯೋ, ರೋಗಿಗೆ ಎಲ್ಲಿ ಹೊಡೆದುಬಿಡುತ್ತೇನೋ ಎಂಬ ಭಯವೋ ಬಂದರೆ ಅಂಕ ಲೆಕ್ಕ ಹಾಕುತ್ತ ಕೂರಬಾರದು. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕೂಡಲೇ ಕರೆ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ‘ಎಷ್ಟು ದಿನದಿಂದ ನಿದ್ದೆ ಇಲ್ಲ?’ ಎಂದು ಅವರು ಕೇಳಿದರೆ ಬರೆದಿಟ್ಟದ್ದನ್ನು ನೋಡಿ ಹೇಳಿ.